ಹರವಿಯೊಳಗಿನ ಸಮುದ್ರ

ಜಬೀನ ಅಕ್ಕೋರು ಸಮುದ್ರ ನೋಡಿರಲಿಲ್ಲ. ಹುಟ್ಟಿದ್ದು ಗಜೇಂದ್ರಗಡ, ಓದಿದ್ದು ಗದಗ, ಮಾಸ್ತರಿಕೆ ಸಿಕ್ಕಿದ್ದು ರಾಜೂರಿನಿಂದಾಚೆಯ ಒಂದು ಸಣ್ಣ ಊರಿನ ಶಾಲೆಯಲ್ಲಿ. ಆದರೂ ನಾಲ್ಕನೆಯ ತರಗತಿಗೆ ಸಮುದ್ರದ ಪಾಠ ಬಂದ ದಿನ ನೀಲಿ ಸೀಮೆಸುಣ್ಣದಿಂದ ಬೋರ್ಡಿನ ತುಂಬ ಅಲೆ ಎಳೆದು ಧೈರ್ಯವಾಗಿಯೇ ಶುರುಮಾಡಿದರು.

"ಅಕ್ಕೋರ, ಹೊಳಿಆಲೂರ ಹೊಳಿಗಿಂತ ದೊಡ್ಡದಿರತೈತೇನ್ರಿ?" ದಿಲಾವರ ಕೇಳಿದ.

"ಭಾಳ ದೊಡ್ಡದು."

"ಹೊಳಿ ಬಂದು ಹೊಲಾ ಎಲ್ಲಾ ಮುಚ್ಚತೈತಲ್ರಿ, ಅದಕ್ಕಿಂತಾನೂ?"

"ಅದಕ್ಕಿಂತಾನೂ."

"ನೀವು ನೋಡೀರೇನ್ರಿ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡರು. "ಇಲ್ಲಪಾ, ನಾನೂ ನೋಡಿಲ್ಲ."

ಹುಡುಗರ ಮುಖ ಸಪ್ಪಗಾಯಿತು. ಹಿಂದಿನ ಸಾಲಿನಿಂದ ನಾಜಮೀನ ಎದ್ದು ನಿಂತಳು. "ನಮ್ಮ ಕವಿತಾ ದಿನಾ ನೋಡ್ತಾಳ್ರಿ."

ಕವಿತಾ ನಿಂಗಪ್ಪ-ಮರಿಯವ್ವರ ಮಗಳು. ದೀಪಾವಳಿ ಮುಗಿಯುತ್ತಲೇ ಅಪ್ಪ-ಅವ್ವನ ಬೆನ್ನು ಹತ್ತಿ ಗೋವಾಕ್ಕೆ ಹೋಗಿದ್ದಳು. ಅವರಿಗೆ ಅಲ್ಲಿ ಕಟ್ಟಡದ ಕೆಲಸ. ಹಾಜರಿ ಕರೆಯುವಾಗ ಅವಳ ಹೆಸರು ಬಂದರೆ ಸಾಕು, ಮಕ್ಕಳೆಲ್ಲ ಒಂದೇ ದನಿಯಲ್ಲಿ "ಗೋವಾ!" ಎಂದು ಕೂಗುವುದು ರೂಢಿಯಾಗಿಬಿಟ್ಟಿತ್ತು.

ಅಕ್ಕೋರ ಕೈ ತಾನಾಗಿಯೇ ಬ್ಯಾಗಿನ ಕಡೆ ಹೋಯಿತು. ಎರಡು ಸಾವಿರದ ಏಳನೆಯ ಇಸವಿ ಅದು. ತಮ್ಮ ಆರಿಫ ಆ ವರ್ಷವಷ್ಟೇ ಅವರಿಗೊಂದು ಮೊಬೈಲು ಕೊಡಿಸಿದ್ದ. ಮನೆಗೆ ಬಸ್ಸು ತಪ್ಪಿದ ಸುದ್ದಿ ಹೇಳುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸ ಇರಲಿಲ್ಲ.

ಶಾಲೆ ಬಿಟ್ಟಮೇಲೆ ಕವಿತಾಳ ಅಜ್ಜಿ ರೇಣವ್ವನ ಮನೆಗೆ ಹೋದರು. ಗೋವಾದ ಮೇಸ್ತ್ರಿ ಗ್ಯಾನಪ್ಪನ ನಂಬರು ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿತ್ತು. ಅಲ್ಲಿಯೇ ನಿಂತು ಫೋನು ಹಚ್ಚಿ, ತಾವು ಕವಿತಾಳ ಶಾಲೆಯ ಅಕ್ಕೋರೆಂದು ಹೇಳಿದರು.

"ಹುಡುಗೀನ ಸಾಲಿ ಬಿಡಿಸೀರಿ ಅಂತ ಬೈಯ್ಯಾಕ ಮಾಡೀರೇನ್ರಿ ಅಕ್ಕೋರ?" ಗ್ಯಾನಪ್ಪನ ದನಿ ಅಳುಕಿತು.

"ಅಲ್ರಿ. ನನಗ ಸಮುದ್ರ ಬೇಕಾಗೈತಿ."

ಆ ಕಡೆಯಿಂದ ದೊಡ್ಡ ನಗು. "ನಮ್ಮ ಸೈಟಿನ ಹಿಂದ ಬೇಕಾದಷ್ಟು ಬಿದ್ದೈತ್ರಿ! ಶನಿವಾರ ಮುಂಜಾನಿ ಮಾಡ್ರಿ, ಹುಡುಗೀನ ದಂಡಿಗೆ ಕರ್ಕೊಂಡು ಹೋಗಿರ್ತೀನಿ."

ಹೆಡ್‌ಮಾಸ್ತರ ಮದರಸಾಬರು ಮಾತ್ರ ಹುಬ್ಬು ಗಂಟಿಕ್ಕಿದರು. "ಸಾಲ್ಯಾಗ ಮೊಬೈಲ್ ಯಾಕ್ರಿ ಟೀಚರ್? ನಾಳೆ ಹುಡುಗರೂ ತರ್ತೀವಿ ಅಂತಾವ."

"ಒಂದ ಸಲ ನೋಡೂಣ್ರಿ ಸರ್. ಚಲೋ ಆಗಲಿಲ್ಲಂದ್ರ ಮತ್ತ ತರೂದಿಲ್ಲ."

ಶನಿವಾರ ಬಂತು. ತರಗತಿಯೊಳಗೆ ಸಿಗ್ನಲ್ಲೇ ಇಲ್ಲ. ಕಿಟಕಿಗೆ ಹಿಡಿದರೂ ಇಲ್ಲ, ಬಾಗಿಲಿಗೆ ಬಂದರೂ ಇಲ್ಲ. ಕೊನೆಗೆ ಅಂಗಳದ ಬೇವಿನಮರದ ಕಟ್ಟೆಯ ಮೇಲೆ ಸಿಕ್ಕಿತು. ಇಡೀ ತರಗತಿ ಅಲ್ಲಿಗೇ ಎದ್ದುಹೋಯಿತು. ಫೋನು ಹತ್ತಿತು, ಸ್ಪೀಕರೂ ಹತ್ತಿತು, ಆದರೆ ದನಿ ಸೊಳ್ಳೆ ಗುಂಯ್‌ಗುಟ್ಟಿದಷ್ಟು. ಮುಂದೆ ಕುಳಿತವರಿಗೆ ಅರ್ಧ, ಹಿಂದಿನವರಿಗೆ ಏನೂ ಇಲ್ಲ.

ಬಿಸಿಯೂಟ ಮಾಡುವ ಕಾಶೀಂಬಿ ಒಲೆ ಬಿಟ್ಟು ಬಂದಳು. "ಬೋಗಾಣ್ಯಾಗ ಇಡ್ರಿ, ದನಿ ದೊಡ್ಡದಾಗತೈತಿ." ಅನ್ನದ ದೊಡ್ಡ ಬೋಗಾಣಿ ಬಂತು. ಮೊಬೈಲನ್ನು ಅದರೊಳಗೆ ಇಳಿಸಿದ್ದೇ ತಡ, ಲೈನು ಕಟ್ಟಾಯಿತು. ಮತ್ತೆ ಹಚ್ಚಿದರು, ಮತ್ತೆ ಕಟ್ಟು. ಮದರಸಾಬರು ಆಫೀಸಿನ ಬಾಗಿಲಲ್ಲಿ ನಿಂತು ಗಂಟಲು ಸರಿಪಡಿಸಿಕೊಂಡರು. ಲೋಹದ ಪಾತ್ರೆ ಸಿಗ್ನಲ್ಲನ್ನು ತಡೆಯುತ್ತಿರಬಹುದೆಂದು ಅಕ್ಕೋರಿಗೆ ಆಗ ಹೊಳೆಯಿತು.

"ಕಾಶೀಂಬಿ, ಮಣ್ಣಿಂದು ಏನರ ಐತೇನ?"

ಕಾಶೀಂಬಿ ನೀರಿನ ಹರವಿಯನ್ನೇ ಬಗ್ಗಿಸಿ ಖಾಲಿ ಮಾಡಿ, ಒರೆಸಿ ತಂದಿಟ್ಟಳು. ಅಕ್ಕೋರು ಮತ್ತೆ ಫೋನು ಹಚ್ಚಿ, ಅದರೊಳಗಿಳಿಸಿ, ಕವಿತಾಳ ಹೆಸರು ಕರೆದರು. ಆ ಮಣ್ಣಿನ ಹರವಿಯೊಳಗಿಂದ, ಗುಡಿಯ ಗಂಟೆಯ ಹಾಗೆ ತುಂಬಿದ ದನಿ ಬಂತು:

"ಹಾಜರ್ರಿ ಅಕ್ಕೋರ!"

ಮಕ್ಕಳು ಹೋ ಎಂದು ಎದ್ದುಬಿಟ್ಟರು. ಅವರನ್ನು ಕೂಡಿಸಬೇಕಾದರೆ ಸಾಕಾಯಿತು. ಆಮೇಲೆ ಪ್ರಶ್ನೆಗಳ ಸುರಿಮಳೆ.

"ಕವಿತಾ, ನೀರು ಖರೇನ ಉಪ್ಪದಾವೇನ?"

"ತಡಿ, ನೆಕ್ಕಿ ಹೇಳ್ತೀನಿ." ಓಡುವ ಸದ್ದು. ಆಮೇಲೆ, "ಥೂ, ಥೂ! ನಮ್ಮವ್ವ ಎರಡ ಸಲ ಉಪ್ಪ ಹಾಕಿದ ಸಾರ ಆದಂಗ ಐತಿ!"

"ಆಚಿ ದಂಡಿ ಕಾಣ್ತೈತೇನ?"

"ಇಲ್ಲ. ನಾನೂ ದಿನಾ ಹುಡುಕ್ತೀನಿ. ಹೊಳಿ ಹೋತಂದ್ರ ಹೋತು. ಇದು ಹೋಗತೈತಿ, ಮತ್ತ ಏನೋ ಮರತಂಗ ತಿರುಗಿ ಬರತೈತಿ."

ಅಕ್ಕೋರಿಗೆ ರೋಮಾಂಚನವಾಯಿತು. ತಾವು ಬೋರ್ಡಿನ ತುಂಬ ಎಳೆದ ಅಲೆಗಳಲ್ಲಿ ಇಲ್ಲದ್ದು ಈ ಒಂದು ಮಾತಿನಲ್ಲಿತ್ತು.

"ಫೋನ್ ನೀರಿನ ಕಡೆ ಹಿಡಿಯವ್ವಾ," ಎಂದರು.

ಹರವಿಯೊಳಗಿಂದ ಸಮುದ್ರ ಎದ್ದು ಬಂತು. ಒಮ್ಮೆ ಭೋರೆಂದು, ಒಮ್ಮೆ ಸರ್ರೆಂದು. ಮೊಮ್ಮಗಳ ದನಿ ಕೇಳಲೆಂದೇ ಬಂದು ಕಟ್ಟೆಗೆ ಒರಗಿ ನಿಂತಿದ್ದ ರೇಣವ್ವ ಮೆಲ್ಲಗೆ ಅಂದಳು: "ಗಾಳಿ ಬಿಟ್ಟಾಗ ಜ್ವಾಳದ ಹೊಲ ಮಾತಾಡತೈತಲ್ಲ, ಹಂಗ ಐತಿ ನೋಡ."

ಯಾವಾಗ ಬಂದರೋ ಏನೋ, ಮದರಸಾಬರು ಹರವಿಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತಿದ್ದರು. "ಮೀನ ಕಾಣ್ತಾವೇನ ಕೇಳ್ರಿ ಟೀಚರ್," ಎಂದು ಪಿಸುಗುಟ್ಟಿದರು.

ಅಂದಿನಿಂದ ಪ್ರತಿ ಶನಿವಾರ ಕಟ್ಟೆಯ ಮೇಲೆ ತರಗತಿ. ಗೋವಾಕ್ಕೆ ಹೊರಟವರ ಕೈಯಲ್ಲಿ ಅಕ್ಕೋರು ಕವಿತಾಳ ಪುಸ್ತಕ ಕಳಿಸಿದರು. ಈ ಕಡೆಯಿಂದ ಮಗ್ಗಿ ಹೋಗುತ್ತಿತ್ತು, ಆ ಕಡೆಯಿಂದ ಹಡಗು, ಏಡಿ, ಬೆಸ್ತರ ಬಲೆಯ ಸುದ್ದಿ ಬರುತ್ತಿತ್ತು. ಪರೀಕ್ಷೆ ಹತ್ತಿರವಾದಾಗ ಕವಿತಾ ಹಟ ಹಿಡಿದಳು. ಮರಿಯವ್ವ ಫೋನಿನಲ್ಲಿ ನಗುತ್ತಲೇ ದೂರಿದಳು: "ಅಕ್ಕೋರ, ಇಕಿ ಊಟಾ ಬಿಟ್ಟು ಕುಂತಾಳ್ರಿ, ಪರೀಕ್ಷಾಕ್ಕ ಹೋಗಬೇಕಂತ. ಗ್ಯಾನಪ್ಪನ ಕೂಡ ಕಳಸಾಕತ್ತೀವಿ. ಇನ್ನ ಅವರಜ್ಜಿ ಕಡೇನ ಇರ್ತಾಳ."

ಬಂದಳು. ಬಿಸಿಲಿಗೆ ಕಪ್ಪಾಗಿ, ಗೇಣುದ್ದ ಬೆಳೆದು, ಬಾಯಿ ತುಂಬ ಕೊಂಕಣಿ ಹೊತ್ತು ಬಂದಳು. ಹೆಸರು ಕರೆದಾಗ ಮಕ್ಕಳು ರೂಢಿಯಂತೆ "ಗೋವಾ!" ಎಂದು ಕೂಗಿ, ತಾವೇ ನಕ್ಕರು.

ಆ ಶನಿವಾರ ಕಟ್ಟೆಯ ಅಗತ್ಯ ಇರಲಿಲ್ಲ. ಆದರೆ ಅಂಗಳ ದಾಟುವಾಗ ಅಕ್ಕೋರ ಮೊಬೈಲು ತಾನಾಗಿಯೇ ರಿಂಗಣಿಸಿತು. ಗೋವಾಕ್ಕೆ ಮರಳಿದ್ದ ಗ್ಯಾನಪ್ಪನ ನಂಬರು, ಆದರೆ ಅತ್ತ ಗುರುತಿಲ್ಲದ ಒಂದು ಎಳೆಯ ದನಿ.

"ಅಕ್ಕೋರ, ನಾ ನರಗುಂದ ಕಡೆಯಾಕಿ ಬೀಬಿಜಾನ್ರಿ, ಇಲ್ಲೇ ಸೈಟಿನ್ಯಾಗ ಇರ್ತೀನಿ. ಕವಿತಾನ ಬಾಜೂಕ ಕುಂತು ನಾವೂ ನಾಕೈದ ಮಂದಿ ಕೇಳ್ತಿದ್ವಿ. ಆಕಿ ಹೋದಳಂತ ನಮಗ ಪಾಠ ಇಲ್ಲೇನ್ರಿ?"

ಜಬೀನ ಅಕ್ಕೋರು ನಕ್ಕುಬಿಟ್ಟರು. "ಯಾಕಿಲ್ಲವ್ವಾ? ಐತಿ," ಎಂದು ಕವಿತಾಳನ್ನು ಕರೆದು ಫೋನು ಅವಳ ಕೈಗಿಟ್ಟರು.

ಕವಿತಾ ಕಟ್ಟೆ ಏರಿ, ಲಂಗ ಸರಿಪಡಿಸಿಕೊಂಡು, ಥೇಟ್ ಅಕ್ಕೋರ ದನಿಯಲ್ಲಿ ಅಂದಳು:

"ಎಲ್ಲಾರೂ ಸುಮ್ನ ಕುಂದರ್ರಿ. ಮೊದಲ ಹಾಜರಿ."