ಬಿಸಿಲು ಕಾಯಿಸುವ ನೀರು

ಸಾವಿರದ ಒಂಬೈನೂರ ಎಂಬತ್ತಾರರ ಫೆಬ್ರವರಿಯಲ್ಲಿ ಕಡಬದಲ್ಲಿ ನಮ್ಮ ಹೊಸ ಮನೆಯ ಗೋಡೆಗಳು ಎದ್ದವು. ಕಟ್ಟಿಸುತ್ತಿದ್ದವನು ನನ್ನ ಮಗ ತೀರ್ಥರಾಮ, ರಾಮಕುಂಜದಲ್ಲಿ ಮಾಸ್ತರ. ಬಚ್ಚಲುಮನೆಯ ಗೋಡೆ ಸೊಂಟದೆತ್ತರಕ್ಕೆ ಬಂದ ದಿನ ಮೇಸ್ತ್ರಿ ಕಿಟ್ಟಣ್ಣ ಕರಣೆಯನ್ನು ಕೆಳಗಿಟ್ಟ.

"ಹಂಡೆಯ ಒಲೆಗೆ ಬಾಯಿ ಬಿಡುದಾ, ಸೋಲಾರಿನ ಪೈಪಿಗೆ ತೂತು ಬಿಡುದಾ? ಶುಕ್ರವಾರದೊಳಗೆ ಹೇಳಿ ಮಾರಾಯ್ರೆ. ಆಮೇಲೆ ಒಡೆಯುದಾದರೆ ನನ್ನನ್ನು ಕರೀಬೇಡಿ."

"ಅಪ್ಪ ಹೇಳಿದ ಹಾಗೆ" ಎಂದ ತೀರ್ಥರಾಮ.

ಆ ವಿನಯವೇ ನನಗೆ ಸಂಶಯ ತಂದಿತು. ಜಾಗ, ಬಾಗಿಲು, ತಾರಸಿ ಯಾವುದನ್ನೂ ನನ್ನಲ್ಲಿ ಕೇಳದವನು ಬಚ್ಚಲೊಲೆಯನ್ನು ಮಾತ್ರ ಏಕೆ ಕೇಳಬೇಕು? ನನ್ನ ಹೆಂಡತಿ ಶೀಲಾವತಿ ತೀರಿಕೊಂಡು ಏಳು ತಿಂಗಳಾಗಿತ್ತು. ನಾನು ಬಿಸಿನೀರಿನಲ್ಲಿ ಮಿಂದು ದೇವರ ಮುಂದೆ ಕೂರಲಿ ಎಂದು ನಲವತ್ತೊಂದು ವರ್ಷ ಬೆಳಗಿನ ಐದಕ್ಕೆ ಒಲೆ ಊದಿದವಳು. ಕೊನೆಯ ಎರಡು ವರ್ಷ ಕೆಮ್ಮು ಬಿಡಲಿಲ್ಲ. ಎದೆಯಲ್ಲಿ ಹೊಗೆ ಕೂತಿದೆ ಎಂದು ಡಾಕ್ಟರರು ಹೇಳಿದ್ದರು. ನಾನು ನಂಬಿರಲಿಲ್ಲ. ನನ್ನ ತಾಯಿ ಅದೇ ಹೊಗೆಯಲ್ಲಿ ಎಂಬತ್ತು ದಾಟಿದ್ದರು.

ಈಗ ಒಲೆ ಬೇಕೆಂದರೆ ಸೊಸೆ ಕುಮುದಿನಿ ಊದಬೇಕು. ಸೋಲಾರ್ ಎಂದರೆ, ಶೀಲಾವತಿಯನ್ನು ಕೊಂಡುಹೋದದ್ದು ನನ್ನ ಸ್ನಾನದ ಒಲೆ ಎಂದು ಒಪ್ಪಿಕೊಂಡ ಹಾಗೆ. ಮಗ ನನ್ನ ಬಾಯಿಂದಲೇ ಅದನ್ನು ಹೇಳಿಸಲು ನೋಡುತ್ತಿದ್ದಾನೆ ಎಂದು ತಿಳಿದೆ.

ಬುಧವಾರ ಸೋಲಾರಿನ ಏಜೆಂಟ್ ಬಂದ. ಗಾಜಿನ ಕೆಳಗೆ ಕಪ್ಪು ತಗಡು ಇರುವ ಪೆಟ್ಟಿಗೆಯ ಚಿತ್ರ ತೋರಿಸಿದ. ತಾರಸಿಯ ಮೇಲೆ ತೆಂಕು ದಿಕ್ಕಿಗೆ ಮುಖ ಮಾಡಿ ಇಟ್ಟರೆ ವರ್ಷವಿಡೀ ಬಿಸಿನೀರು ಎಂದ. ತೆಂಕು ಪಿತೃಗಳ ದಿಕ್ಕು. ಅದೂ ನನಗೆ ಸರಿಬರಲಿಲ್ಲ.

"ಆಟಿ ತಿಂಗಳಲ್ಲೂ ಬರ್ತದಾ?"

"ಆಟಿಯಲ್ಲೂ ಬರ್ತದೆ. ಪುತ್ತೂರಿನ ಹೆರಿಗೆ ಆಸ್ಪತ್ರೆಯಲ್ಲಿ ಒಂದು ಉಂಟು, ಬೇಕಾದರೆ ಹೋಗಿ ನೋಡಿ."

ಆಟಿಯ ಮಳೆಯಲ್ಲಿ ನಮ್ಮಲ್ಲಿ ಒಗೆದ, ಮೈಯೊರಸುವ ಬೈರಾಸು ನಾಲ್ಕು ದಿನವಾದರೂ ಒಣಗುವುದಿಲ್ಲ. ಇವನು ಸುಳ್ಳ ಎಂದು ಖಚಿತವಾಯಿತು. ಮರುದಿನ ಹಲ್ಲುನೋವೆಂದು ಹೇಳಿ ಪುತ್ತೂರಿನ ಬಸ್ಸು ಹತ್ತಿದೆ.

ಆಸ್ಪತ್ರೆಯ ಅಂಗಳದ ನಲ್ಲಿಗೆ ಕೈಯೊಡ್ಡಿದೆ. ಕೈ ಸುಟ್ಟಿತು. ಎಲ್ಲಿಯೋ ಬೆಂಕಿ ಇರಲೇಬೇಕೆಂದು ಪೈಪನ್ನು ಹಿಡಿದುಕೊಂಡೇ ಕಟ್ಟಡಕ್ಕೆ ಸುತ್ತು ಬಂದೆ. ಹಿಂಬದಿಯಲ್ಲಿ ಒಲೆ, ಹಂಡೆ, ಪಕ್ಕದಲ್ಲಿ ಮೊಣಕಾಲೆತ್ತರದ ಬೂದಿ. ಏಳು ತಿಂಗಳಲ್ಲಿ ಮೊದಲ ಬಾರಿಗೆ ನನಗೆ ಸಂತೋಷವಾಯಿತು.

"ಎಂತ ಅಜ್ಜೆರೆ, ಹೆರಿಗೆ ಆಸ್ಪತ್ರೆಯ ಹಿಂದೆ ನಿಮಗೆಂತ ಕೆಲಸ?" ಬಟ್ಟೆ ಒಣಗಿಸುತ್ತಿದ್ದ ಆಯಾ ಕೇಳಿದಳು. ಹೆಸರು ಶಂಕರಿಯಂತೆ, ಐವತ್ತರ ಹೆಂಗಸು.

"ಬೆಂಕಿ ಹುಡುಕ್ತಾ ಇದ್ದೇನೆ."

"ಬೀಡಿಗಾ?"

"ಸೋಲಾರಿಗೆ ಅಡಿಯಿಂದ ಯಾರು ಬೆಂಕಿ ಹಾಕುದು ಅಂತ."

ಅವಳು ನಕ್ಕು, "ಒಲೆಯೊಳಗೆ ಕೈ ಹಾಕಿ ನೋಡಿ. ಪರಚಿದರೆ ನನ್ನಲ್ಲಿ ಹೇಳ್ಬೇಡಿ" ಎಂದಳು.

ಬಗ್ಗಿ ನೋಡಿದೆ. ಒಲೆಯೊಳಗೆ ಬೆಕ್ಕೊಂದು ಮೂರು ಮರಿಗಳೊಂದಿಗೆ ಮಲಗಿತ್ತು. ಬೂದಿಯನ್ನು ಮುಟ್ಟಿದೆ, ಹಳೆಯ ಮಳೆಗೆ ನೆನೆದು ಹೆಪ್ಪುಗಟ್ಟಿ ಕಲ್ಲಾಗಿತ್ತು.

"ಮಳೆ ಹಿಡಿದ ಮೂರು ತಿಂಗಳು ಒಲೆಯೇ. ಉಳಿದದ್ದು ಬೆಕ್ಕಿಗೆ."

"ಏಜೆಂಟ್ ವರ್ಷವಿಡೀ ಅಂದ."

"ಅವನು ಒಲೆ ಊದಿದ್ದಾನಾ, ಗೊತ್ತಾಗ್ಲಿಕ್ಕೆ?" ಶಂಕರಿ ಬಕೆಟ್ ಎತ್ತಿಕೊಂಡಳು. "ಈ ಸೋಲಾರ್ ಬರುವ ಮೊದಲು ನನಗೆ ಮಲಗಿದರೆ ಉಸಿರಿಲ್ಲ. ಗೋಡೆಗೆ ಒರಗಿ ಕೂತೇ ಬೆಳಗು ಮಾಡುದು. ಈಗ ಮಳೆಗಾಲದಲ್ಲಿ ಮಾತ್ರ ಹಾಗೆ."

"ಗೋಡೆಗೆ ಒರಗಿಯಾ?"

"ಮತ್ತೆಂತ ಮಾಡುದು?"

ಶೀಲಾವತಿಯೂ ಗೋಡೆಗೆ ಒರಗಿಯೇ ಕೂತಿರುತ್ತಿದ್ದಳು. ನಿದ್ರೆ ಬಾರದೆ ಜಪ ಮಾಡುತ್ತಿದ್ದಾಳೆ ಎಂದು ನಾನು ತಿಳಿದಿದ್ದೆ. ಎರಡು ವರ್ಷ ಹಾಗೆಯೇ ತಿಳಿದಿದ್ದೆ.

ಶುಕ್ರವಾರ ಕಿಟ್ಟಣ್ಣನಿಗೆ ಹೇಳಿದೆ: "ತೂತೂ ಬಿಡು, ಬಾಯಿಯೂ ಬಿಡು."

"ಎರಡೂವಾ? ಒಬ್ಬರ ಸ್ನಾನಕ್ಕೆ ಇಷ್ಟು ಏರ್ಪಾಡು ಉಂಟಾ?"

"ಒಲೆ ಮಳೆಗಾಲಕ್ಕೆ. ಅದನ್ನು ಊದುದು ನಾನು."

ಕುಮುದಿನಿ ಬಾಯಿಗೆ ಸೆರಗು ಹಿಡಿದಳು. "ಮಾವನಿಗೆ ಬೆಂಕಿ ಮಾಡ್ಲಿಕ್ಕೆ ಬರ್ತದಾ?"

"ಕಲಿಸು."

ಮೇ ತಿಂಗಳಲ್ಲಿ ಮನೆ ಒಕ್ಕಲಾಯಿತು. ಪೆಟ್ಟಿಗೆ ತೆಂಕಿಗೆ ಮುಖ ಮಾಡಿ ಕೂತಿತು. ಜೂನ್ ಎರಡನೆಯ ವಾರ ಮಳೆ ಹಿಡಿದು ನಲ್ಲಿಯಲ್ಲಿ ತಣ್ಣೀರು ಬಂತು. ಐದಕ್ಕೆ ಎದ್ದು ಹಸಿ ಸೌದೆ ಇಟ್ಟು ಊದಿದೆ. ಕಣ್ಣು ಕಾಣದಾಯಿತು. ಎದೆ ಬಿಗಿದು ಗೋಡೆಗೆ ಒರಗಿದೆ. ಬಾಗಿಲಲ್ಲಿ ತೀರ್ಥರಾಮ ನಿಂತಿದ್ದ.

"ಬಿಡಿ ಅಪ್ಪ, ನಾನು ಊದ್ತೇನೆ."

"ನೀನು ಆ ದಿನ ಒಲೆಯ ವಿಷಯ ಮಾತ್ರ ನನ್ನಲ್ಲಿ ಕೇಳಿದ್ದು ಯಾಕೆ?"

ಅವನು ಒಳಗೆ ಬಂದು ನನ್ನ ಪಕ್ಕ ಕೂತ.

"ಅವ್ವ ಹೇಳಿದ್ದು. ಜಾಗ ನೋಡಿ ಬಂದ ದಿನ. ಬೇರೆ ಎಂತ ಬೇಕಾದರೂ ಮಾಡು, ಅಪ್ಪನ ಬಿಸಿನೀರಿನ ಒಲೆಯನ್ನು ಮಾತ್ರ ಅವರಲ್ಲಿ ಕೇಳದೆ ತೆಗೀಬೇಡ ಅಂತ."

ಹಂಡೆಯ ನೀರು ಇನ್ನೂ ಬೆಚ್ಚಗಾಗಿರಲಿಲ್ಲ. ನಾನು ಮತ್ತೆ ಬಗ್ಗಿ ಊದಿದೆ.