ಪಾಂತಾಲೆಯೊ ಮಾವನ ಮಂಡಿನೋವು

ಕಣ್ಣು ಮುಚ್ಚಿಕೊಂಡು ಹತ್ತಿದರೆ ಅದು ಹತ್ತಿದ ಲೆಕ್ಕಕ್ಕೆ ಬರುತ್ತದೆಯೇ? ಬೆನ್ನು ಮುಂದು ಮಾಡಿ, ಹಿಂದುಹಿಂದಕ್ಕೆ ಹತ್ತಿದರೆ? ಮಾವನೇ ಹೆಗಲ ಮೇಲೆ ಹೊತ್ತುಕೊಂಡು ಹೋದರೆ ದೋಷ ಯಾರಿಗೆ ತಟ್ಟುತ್ತದೆ? ಕಾನೂನು ಓದುವ ಎರ್ಮೆತೆ ಬೆಳಗಿನಿಂದ ತನ್ನೊಳಗೇ ಈ ಮೊಕದ್ದಮೆ ನಡೆಸುತ್ತಿದ್ದ. ಬೊಲೋನ್ಯಾದಲ್ಲಿ ಪದವಿ ಮುಗಿಸದ ವಿದ್ಯಾರ್ಥಿ ಅಸಿನೆಲ್ಲಿ ಗೋಪುರ ಹತ್ತುವಂತಿಲ್ಲ. ಹತ್ತಿದವನಿಗೆ ಈ ಜನ್ಮದಲ್ಲಿ ಪದವಿ ಇಲ್ಲ. ದೇವರನ್ನು ನಂಬದವರೂ ಇದನ್ನು ನಂಬುತ್ತಾರೆ.

ಎರ್ಮೆತೆಗೆ ಇನ್ನೂ ಒಂದು ಪರೀಕ್ಷೆ ಬಾಕಿಯಿತ್ತು. ಮನೆಯವರಿಗೆ ಮಾತ್ರ, ಆ ರೋಗದ ವರ್ಷದಲ್ಲಿ ಎಲ್ಲರ ಹಾಗೆ ಕಂಪ್ಯೂಟರಿನ ಮುಂದೆ ಕೂತೇ ಪದವಿ ಪಡೆದೆ ಎಂದು ಹೇಳಿಬಿಟ್ಟಿದ್ದ. ಅಂದಿನಿಂದ ದಕ್ಷಿಣದ ಅವನ ಊರು ಆಲ್ತಮೂರಾದಲ್ಲಿ ಅವನು ‘ದೊತ್ತೋರೆ’. ಪದವೀಧರರನ್ನು ಕರೆಯುವುದೇ ಹಾಗೆ.

ಈಗ ತಾಯಿಯ ಅಣ್ಣ ಪಾಂತಾಲೆಯೊ ಮಾವ ಬಂದಿದ್ದರು. ಜೀವಮಾನವೆಲ್ಲ ಒಲೆಯ ಮುಂದೆ ನಿಂತು ಬ್ರೆಡ್ ಬೇಯಿಸಿದವರು. ಒಂದು ಕಂಕುಳಲ್ಲಿ ದಿಂಬಿನಷ್ಟು ದೊಡ್ಡ ಬ್ರೆಡ್ಡು, ಇನ್ನೊಂದು ಕೈಯಲ್ಲಿ, ಸಾರಿಗೂ ಹಾಕುವ ಹಿತ್ತಲಿನ ಲಾರೆಲ್ ಎಲೆಯಿಂದ ತಾವೇ ಹೆಣೆದ ಕಿರೀಟ. ಪದವಿ ಪಡೆದವನ ತಲೆಗೆ ಅದನ್ನು ಯಾರಾದರೂ ಇಡಲೇಬೇಕಲ್ಲ. ರೈಲು ನಿಲ್ದಾಣದಲ್ಲೇ ಇಟ್ಟರು. ಸಂಜೆಯವರೆಗೆ ತೆಗೆಯಕೂಡದು ಎಂದರು. ಗೋಪುರದ ಟಿಕೆಟ್ಟನ್ನೂ ಮಧ್ಯಾಹ್ನಕ್ಕೆ ಊರಿನಿಂದಲೇ ಕಾದಿರಿಸಿಕೊಂಡು ಬಂದಿದ್ದರು.

ಬೇಡವೆಂದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೇ ಎರ್ಮೆತೆ ಮಾವನನ್ನು ನಡೆಸಿ ನಡೆಸಿ ಸುಸ್ತು ಮಾಡುವ ಹಂಚಿಕೆ ಹಾಕಿದ. ಒಂದೇ ಇಗರ್ಜಿಯನ್ನು ಮೂರು ಬೀದಿಗಳಿಂದ ತೋರಿಸಿ ಮೂರು ಇಗರ್ಜಿ ಎಂದ. ಮಾವ ಮೂರಕ್ಕೂ ಶಿಲುಬೆ ಗುರುತು ಮಾಡಿ, ಇಲ್ಲಿನ ಸಂತರೆಲ್ಲ ಒಂದೇ ತಾಯಿಯ ಮಕ್ಕಳ ಹಾಗಿದ್ದಾರೆ ಎಂದರು. ಕಿರೀಟ ಕಂಡ ದಾರಿಹೋಕರೆಲ್ಲ ಚಪ್ಪಾಳೆ ತಟ್ಟಿದರು. ಕಾನೂನು ಪದವಿ ಎಂದು ಮಾವ ಹೇಳಿದ್ದೇ ತಡ, ಒಬ್ಬ ಮುದುಕಿ ಅವನ ಕೆನ್ನೆ ಹಿಂಡಿ, ಪಕ್ಕದ ಮನೆಯವನ ಕೋಳಿಯ ಮೇಲೆ ದಾವೆ ಹೂಡಬಹುದೇ ಎಂದು ವಿಚಾರಿಸಿಕೊಂಡು ಹೋದಳು. ಊಟಕ್ಕೆ ಕೂತಾಗ ಮಾವ ತೊರ್ತೆಲ್ಲಿನಿ ಎಂಬ ಪುಟ್ಟ ಮಾಂಸದ ಕಡುಬುಗಳ ಸಾರಿಗೆ ತಮ್ಮದೇ ಬ್ರೆಡ್ ಅದ್ದಿ ತಿಂದು, ನಿಮ್ಮ ಬ್ರೆಡ್ಡಿನಿಂದ ಕಿಟಕಿಯ ಸಂದು ಮುಚ್ಚಬಹುದು ಎಂದು ಮಾಣಿಗೆ ತಿಳಿಹೇಳಿದರು. ಸುಸ್ತಾದವನು ಎರ್ಮೆತೆ ಒಬ್ಬನೇ.

ದೊಡ್ಡ ಚೌಕದ ನಡುವಿನ ಕಲ್ಲುಹಾಸಿನ ಮೇಲೆ ಮಾವ ನೇರ ನಡೆದರು. ವಿದ್ಯಾರ್ಥಿಗಳು ಅದನ್ನೂ ಅಡ್ಡ ದಾಟಬಾರದು. ಎರ್ಮೆತೆ ಅಂಚು ಹಿಡಿದು ಸುತ್ತಿಕೊಂಡು ಬಂದ.

“ನಡುವೆ ಏನು, ಹುಚ್ಚುನಾಯಿ ಕಟ್ಟಿದಾರಾ?” ಎಂದರು ಮಾವ.

“ಶೂ ಸವೆಯುತ್ತೆ ಮಾವ.”

ದುಪ್ಪಟ್ಟು ದೂರ ನಡೆದು ಬಂದವನ ಈ ಉತ್ತರವನ್ನು ಮಾವ ಸ್ವಲ್ಪ ಹೊತ್ತು ಅಗಿದರು.

ಗೋಪುರದ ಬಾಗಿಲಲ್ಲಿ ಟಿಕೆಟ್ ನೋಡುವ ಹೆಂಗಸು ಕಿರೀಟ ಕಂಡು ನಕ್ಕಳು.

“ನೀವು ಧಾರಾಳವಾಗಿ ಹತ್ತಿ, ದೊತ್ತೋರೆ. ಪದವಿ ಆಗದೋರು ಹತ್ತಿದ್ರೆ ಕಥೆ ಮುಗೀತು. ನಮ್ಮ ಭಾವ ಹತ್ತಿದ್ದ. ಇನ್ನೂ ಓದ್ತಾನೇ ಇದಾನೆ, ಈಗ ಮಗಳೇ ಪಾಠ ಹೇಳ್ಕೊಡ್ತಾಳೆ. ಬುದ್ಧಿ ಇರೋ ಹುಡುಗರು ಚೌಕದ ನಡುವೆ ಕೂಡ ಕಾಲಿಡಲ್ಲ.”

ಮಾವ ಸೋದರಳಿಯನ ಮುಖ ನೋಡಿದರು. ನೋಡುತ್ತಲೇ ಇದ್ದರು. ಕಿರೀಟದ ಅಡಿಯಿಂದ ಬೆವರು ಇಳಿಯುತ್ತಿತ್ತು. ಆಮೇಲೆ ಮಾವ ತಾವೇ ಮುಂದಾಗಿ ಮೆಟ್ಟಿಲು ಹತ್ತತೊಡಗಿದರು.

ಸವೆದ ಮರದ ಮೆಟ್ಟಿಲುಗಳು ಗೋಡೆಗೆ ಅಂಟಿಕೊಂಡು ಸುತ್ತುತ್ತಾ ಹೋಗುತ್ತಿದ್ದವು. ಹೇಳಿಬಿಡಬೇಕು, ಮುಂದಿನ ತಿರುವಿನಲ್ಲಿ ಹೇಳುತ್ತೇನೆ ಎಂದುಕೊಳ್ಳುತ್ತಾ ಎರ್ಮೆತೆ ಎಲ್ಲ ತಿರುವುಗಳನ್ನೂ ದಾಟಿದ. ತುದಿಯ ಬೆಳಕು ಕಂಡಿತು. ಅವನು ಬಾಯಿ ತೆರೆದ. ಅಷ್ಟರಲ್ಲಿ ಮಾವ, ಬ್ರೆಡ್ಡಿನ ಸಮೇತ, ಮೆಟ್ಟಿಲಿಗೆ ಅಡ್ಡಲಾಗಿ ಕೂತುಬಿಟ್ಟರು.

“ಮಂಡಿ ಹಿಡ್ಕೊಂತು ಕಣೋ. ಇನ್ನು ಒಂದು ಹೆಜ್ಜೆ ಆಗಲ್ಲ.”

ಹಿಂದಿದ್ದ ಜರ್ಮನ್ ಸಂಸಾರವೊಂದು ಅವರ ಕಾಲುಗಳನ್ನು ದಾಟಿಕೊಂಡು ಒಬ್ಬೊಬ್ಬರಾಗಿ ಮೇಲೆ ಹೋಯಿತು. ಮಾವ ಅವರಿಗೆಲ್ಲ ಒಂದೊಂದು ತುಂಡು ಬ್ರೆಡ್ ಮುರಿದು ಕೊಟ್ಟರು. ಎರ್ಮೆತೆಯೂ ದಾಟಲು ಹೋದಾಗ ಮಾತ್ರ ಅಂಗಿ ಹಿಡಿದು ಕೂರಿಸಿದರು.

“ನೀನೆಲ್ಲಿಗೆ? ಕಾಲು ನೋಯ್ತಿರೋ ಮುದುಕನ್ನ ಬಿಟ್ಟು ಹೋಗ್ತೀಯಾ? ಗೋಪುರ ಎಲ್ಲೂ ಓಡಿಹೋಗಲ್ಲ. ಮುಂದಿನ ವರ್ಷ ಹತ್ತೋಣ.”

ಕಿರೀಟವನ್ನು ಅವನ ತಲೆಯಿಂದ ತೆಗೆದು, ಒಣಗಿಹೋಗಿದೆ, ಮಾಂಸದ ಸಾರಿಗೆ ಆದೀತು ಎಂದು ಜೇಬಿಗೆ ಹಾಕಿಕೊಂಡರು. ಇಳಿಯುವಾಗ ಅವರು ಎರಡೆರಡು ಮೆಟ್ಟಿಲು ಹಾರುತ್ತಿದ್ದರು. ಎರ್ಮೆತೆಗೆ ಅವರ ಹಿಂದೆ ಓಡಬೇಕಾಯಿತು.

ಕೆಳಗೆ ಬಂದವರೇ ತಂಗಿಗೆ ಫೋನ್ ಮಾಡಿದರು. ತುದಿ ಮುಟ್ಟಿದೆವು, ಸಮುದ್ರ ಕಾಣಿಸಿತು, ಒಂದೆರಡು ದೋಣಿಯೂ ಕಂಡವು, ದೊತ್ತೋರೆ ಎಲ್ಲ ಚೆನ್ನಾಗಿ ವಿವರಿಸಿದ ಎಂದರು. ಬೊಲೋನ್ಯಾಕ್ಕೆ ಸಮುದ್ರ ಬಹಳ ದೂರ.

ಎರ್ಮೆತೆ ಪಕ್ಕದಲ್ಲೇ ನಿಂತು ಕೇಳಿಸಿಕೊಂಡ. ತನಗೆ ಪದವಿ ಆಗಿಲ್ಲ ಎಂದು ಅವನು ಮಾವನಿಗೆ ಹೇಳಲೇ ಇಲ್ಲ.