ರಾಜನಿಗೆ ಸೊನ್ನೆ

ಪ್ಲೇಗಿಗೆ ಅಂಜಿದ ಇಳಕಲ್ಲಿನ ನೇಕಾರರು ಮಗ್ಗ ಬಿಟ್ಟು, ಮನೆ ಬಿಟ್ಟು, ಊರಾಚೆಯ ಹೊಲದಲ್ಲಿ ಜೋಳದ ದಂಟಿನ ಗುಡಿಸಲು ಹಾಕಿಕೊಂಡು ಎರಡು ತಿಂಗಳಾಗಿತ್ತು. ಮನೆಗಳಲ್ಲಿ ಇಲಿ ಸಾಯುವುದು ನಿಂತ ಮೇಲೆಯೇ ಊರು ಸೇರಬೇಕು. ನಿಂತಿತೋ ಇಲ್ಲವೋ ನೋಡಿ ಬರಲು ವಾರಕ್ಕೊಬ್ಬ ಹೋಗಬೇಕು. ಮನೆ ಮನೆಯ ಅಟ್ಟ, ಮಗ್ಗದ ಕುಣಿ ಇಣುಕಬೇಕು. ಬಂದು ಏಳು ದಿನ ಬೇವಿನ ಮರದ ಕೆಳಗೆ ಒಬ್ಬನೇ ಇರಬೇಕು. ಹೋದ ವಾರ ಬಸಯ್ಯ ಹೋಗಿ ಬಂದ. ನಾಲ್ಕನೆಯ ದಿನ ಅವನನ್ನು ಆ ಮರದ ಬುಡದಿಂದಲೇ ಎತ್ತಿ ಒಯ್ದರು.

ಒಬ್ಬನತ್ತ ಬೆರಳು ಮಾಡಿ ‘ನೀ ಹೋಗು’ ಅನ್ನುವ ಪಾಪ ಯಾರಿಗೆ ಬೇಕು? ಚೀಟಿ ಎತ್ತಿದರೆ ಬರೆದವನ ಮೇಲೆ ಗುಮಾನಿ. ಅದಕ್ಕೇ ಇಸ್ಪೀಟು. ಪಾಳಿಯಂತೆ ಮೂರು ಗುಡಿಸಲಿನ ಮೂವರು ಕೂಡುವುದು. ದುಡ್ಡಿಲ್ಲದ್ದು ಜೂಜಲ್ಲ, ಅಲ್ಲಾಹನ ಮರ್ಜಿ ಕೇಳುವ ದಾರಿ ಎಂದು ನೇಕಾರ ಇಮಾಮಸಾಬ ತನಗೆ ತಾನೇ ಹೇಳಿಕೊಂಡು ಮಧ್ಯಾಹ್ನದ ನಮಾಜು ಮುಗಿಸಿ ಬಂದು ಕೂತ. ಎದುರಿಗೆ ಬೀರಪ್ಪ ದೇವರ ಒಕ್ಕಲಿನ ಕುರಿಗಾರ ಹಣಮಪ್ಪ. ಪಕ್ಕದಲ್ಲಿ ತನ್ನ ಹೆಂಡತಿ ಶಹರಬಾನುವಿನ ತಮ್ಮ ಖಾದರಬಾಷಾ. ತಾನು ಆಪಾ ಎನ್ನುವ ಬಾಣಂತಿ ಅಕ್ಕನನ್ನು ನೋಡಲು ಬಾದಾಮಿಯಿಂದ ಬಂದವನು, ದಾರಿ ಬಂದಾಗಿ ಇಲ್ಲೇ ಸಿಕ್ಕಿಬಿದ್ದಿದ್ದ. ತನಗೆ ಜಾಗ ಕೊಟ್ಟ ಮುದುಕಿ ರಂಜಾನಬಿಯ ಗುಡಿಸಲಲ್ಲಿ ಗಂಡಸಿಲ್ಲವೆಂದು ಅವಳ ಪರವಾಗಿ ಕೂತಿದ್ದ.

ಕೈಗೆ ಮೂರು ಎಲೆ. ಒಂದು ಎತ್ತಬೇಕು, ಒಂದು ಒಗೆಯಬೇಕು; ಒಗೆದದ್ದನ್ನು ಮುಂದಿನವನು ಎತ್ತಬಹುದು. ತನ್ನ ಎಣಿಕೆಯೇ ಕಡಿಮೆ ಅನ್ನಿಸಿದವನು ಎಲೆ ಬಿಚ್ಚಬೇಕು. ಖರೆಯಾದರೆ ಹೆಚ್ಚಿದ್ದವನು ಊರಿಗೆ. ಸುಳ್ಳಾದರೆ ಬಿಚ್ಚಿದವನೇ ಊರಿಗೆ. ಎಕ್ಕಾಗೆ ಒಂದು, ದುರ್ರಿಗೆ ಎರಡು, ಹೀಗೆ ಎಲೆಯ ಮೇಲಿದ್ದಷ್ಟು; ಗುಲಾಮ-ರಾಣಿಗೆ ಹತ್ತು. ರಾಜನಿಗೆ ಬಾದಾಮಿಯಲ್ಲಿ ಹದಿಮೂರು. ಇಳಕಲ್ಲಿನಲ್ಲಿ ಸೊನ್ನೆ.

ಖಾದರಬಾಷಾ ಮೊದಲ ಸುತ್ತಿಗೇ ರಾಜನನ್ನು ಒಗೆದ. ಇಮಾಮಸಾಬನಿಗೆ ತಿಳಿದುಹೋಯಿತು: ಹುಡುಗನಿಗೆ ಯಾರೂ ಹೇಳಿಲ್ಲ. ಹೇಳಲು ಬಾಯಿ ತೆರೆದ. ತನ್ನ ಗುಡಿಸಲಲ್ಲಿ ಹನ್ನೆರಡು ದಿನದ ಕೂಸು ಅತ್ತಿತು. ತೆರೆದ ಬಾಯಿ ಮುಚ್ಚಿ, ಕೈ ಚಾಚಿ ಆ ರಾಜನನ್ನು ಎತ್ತಿಕೊಂಡ. ಮುಂದೆ ಇನ್ನೊಬ್ಬ ರಾಜ ಬಿದ್ದ. ಅವನನ್ನೂ.

“ಬಿಚ್ಚಿದೆ!” ಖಾದರಬಾಷಾ ನಕ್ಕ. ಒಂದು ಎಕ್ಕಾ, ಎರಡು ದುರ್ರಿ. “ಐದು. ಹಣಮಪ್ಪ ಕಾಕಾ, ಕಂಬಳಿ ಕಟ್ಕೋರಿ.”

“ತಡೀಲೇ, ಭಾಳ ಜಿಗೀಬ್ಯಾಡ. ನನ್ನವು ಹತ್ತೊಂಬತ್ತು. ಇಮಾಮಣ್ಣಾ, ನಿಂದು?”

ಇಮಾಮಸಾಬ ಎಲೆ ಇಟ್ಟ. ಎರಡು ರಾಜ, ಒಂದು ನಾಲ್ಕು.

“ನಾಲ್ಕು,” ಎಂದ ಹಣಮಪ್ಪ.

“ಮೂವತ್ತಲ್ಲೇನ್ರಿ? ಇದ್ಯಾವೂರ ಲೆಕ್ಕರೀ?”

“ಇಳಕಲ್ಲ ಲೆಕ್ಕಪಾ. ಇಲ್ಲೆ ರಾಜಾಗ ಲೆಕ್ಕಾ ಕೇಳಾವ್ರು ಯಾರೂ ಇಲ್ಲ.” ಹಣಮಪ್ಪನ ನಗೆ ಅರ್ಧಕ್ಕೇ ನಿಂತಿತು. “ನಿಮ್ಮ ಭಾವ ಹೇಳಿರ್ಲಿಲ್ಲೇನು?”

“ಮುಂಜಾನೆನ ಹೇಳೇನಿ,” ಎಂದ ಇಮಾಮಸಾಬ. ಆ ದನಿ ತನ್ನದೇ ಎಂದು ಅವನಿಗೇ ನಂಬಿಕೆಯಾಗಲಿಲ್ಲ.

ಖಾದರಬಾಷಾ ಅವನ ಮುಖ ನೋಡಿದ. “ಹೌದ್ರಿ, ಹೇಳಿದ್ರು. ನಾನ ಮರತೆ.” ಎದ್ದು ಚಪ್ಪಲಿ ಮೆಟ್ಟಿದ.

ಅವನ ಬೆನ್ನು ಹೊಲದ ಬದುವಿನಾಚೆ ಮರೆಯಾಗುವವರೆಗೂ ಇಮಾಮಸಾಬ ಕೂತೇ ಇದ್ದ. ಆಮೇಲೆ ಕೂತ ನೆಲವೇ ಸುಟ್ಟಂತಾಗಿ ಎದ್ದು ಓಡಿದ. ಊರಬಾಗಿಲ ಅಗಸೆಯ ಕಲ್ಲಿಗೆ ಆತು, ಒಳಗೆ ಕಾಲಿಡಲಾರದೆ ಖಾದರಬಾಷಾ ನಿಂತಿದ್ದ.

“ನೀ ತಿರಿಗಿ ಹೋಗು. ನಾ ಹೋಗ್ತೇನಿ. ನಾ ಸುಳ್ಳ ಹೇಳಿದೆ.”

“ಗೊತ್ತೈತಿ ಭಾವಾ. ಆಪಾನ ಕೂಸಿಗೆ ನೀವು ಬೇಕು. ಹೋಗ್ರಿ ನೀವು.”

“ನಡಿ ಹಂಗಾರ, ಇಬ್ಬರೂ ಹೋಗೂಣು.”

ಊರು ಬಾಯಿ ತೆರೆದ ಹೆಣದಂತೆ ಬಿದ್ದಿತ್ತು. ಒಂದು ಮಗ್ಗದ ಸಪ್ಪಳವಿಲ್ಲ, ಒಂದು ಬಾಂಗಿಲ್ಲ, ಒಂದು ಗಂಟೆಯಿಲ್ಲ. ಮೊದಲ ಮನೆಗೆ ಹೋಗುವ ಮುನ್ನವೇ ನಡುಬೀದಿಯಲ್ಲಿ, ಸುಡು ಬಿಸಿಲಲ್ಲಿ, ಒಂದು ಇಲಿ ಕುಡಿದವರ ಹಾಗೆ ತೂರಾಡುತ್ತ ಬಂತು. ಮನುಷ್ಯರನ್ನು ಕಂಡರೂ ಓಡಲಿಲ್ಲ. ಖಾದರಬಾಷಾನ ಪಾದದ ಹತ್ತಿರ ಬಂದು ಮಗುಚಿತು. ಇಬ್ಬರೂ ಕಲಿಮಾ ಹೇಳುತ್ತ ಹಿಂದೆ ಸರಿದರು.

ಅಂದಿನಿಂದ ಬೇವಿನ ಮರದ ಕೆಳಗೆ ಇಬ್ಬರು. ಪ್ಲೇಗಿನ ಗಂಟು ಏಳುವುದು ತೊಡೆಸಂದಿಯಲ್ಲಿ, ಕಂಕುಳಲ್ಲಿ. ಕಂಕುಳು ನೋಯುವವನಿಗೆ ಕೈ ಎತ್ತಲಾಗದು. ಅದಕ್ಕೆ ದಿನಾ ಮುಂಜಾನೆ ಶಹರಬಾನು ಕೂಸನ್ನು ಎತ್ತಿಕೊಂಡು ದೂರದ ಬದುವಿನ ಮೇಲೆ ನಿಂತು ಕೂಗುವಳು: “ಕೈ ಎತ್ರಿ!” ಇಬ್ಬರೂ ಎತ್ತುವರು. ಅವಳು ಬುತ್ತಿ ಇಟ್ಟು ಹೋಗುವಳು. ಉಳಿದ ಹೊತ್ತೆಲ್ಲ ಒಬ್ಬರಿಗೊಬ್ಬರು ಕಾಣದಂತೆ ತಮ್ಮ ಕಂಕುಳು ಮುಟ್ಟಿ ನೋಡಿಕೊಳ್ಳುವರು.

ನಾಲ್ಕನೆಯ ಮುಂಜಾನೆ ಕೂಗು ಬಂತು. ಇಮಾಮಸಾಬ ಎರಡೂ ಕೈ ಆಕಾಶಕ್ಕೆ ಎತ್ತಿದ. ಬದುವಿನ ಮೇಲೆ ಶಹರಬಾನು ಕದಲಲಿಲ್ಲ, ಬುತ್ತಿಯನ್ನೂ ಇಡಲಿಲ್ಲ. ಅವನು ಪಕ್ಕಕ್ಕೆ ತಿರುಗಿದ. ಖಾದರಬಾಷಾನ ಎಡಗೈ ಹೆಗಲಿನ ಮಟ್ಟಕ್ಕೆ ಬಂದು ನಿಂತಿತ್ತು.

“ಎತ್ತೋ ಖಾದರ. ಆಪಾ ನೋಡಾಕತ್ತಾಳ. ಇನ್ನಷ್ಟ ಎತ್ತು.”

“ಎತ್ತೇನಲ್ಲ ಭಾವಾ,” ಎಂದ ಅವನು, ಹಲ್ಲು ಕಚ್ಚಿ. “ಇಷ್ಟ ಬರ್ತೈತಿ.”